ಒಂಬತ್ತು ಇಂಚಿನ ದೂರ

“ರೀ, ಗೆರೆ ಮೇಲಿಂದ ಕಾಲು ತೆಗೀರಿ!”

ಅವಳು ಗೆರೆಯ ಮೇಲೆಯೇ ನಿಂತುಬಿಟ್ಟಳು. ಆರು ವರ್ಷವಾಗಿತ್ತು... ಆದರೂ ಈ ದನಿ ಗುರುತು ಸಿಗದೇ ಇರುತ್ತದೆಯೇ?

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸ್ಟೀಲ್ ಟೇಪ್ ಹಿಡಿದು ಕೂತಿದ್ದ ಸರ್ವೆಯರ್ ತಲೆ ಎತ್ತಿದ. ಅವನೂ ಬೆಚ್ಚಿದ.

“ನೀ... ನೀವಾ?”

‘ಓಹೋ! ಈಗ ನಾನು ನೀವು ಆದೆನಾ?’

ಹೊಸ ನೆಲ ಹಾಸಲು ಅಳತೆಗೆ ಬರುವವನು ಇವನೇ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅಳುವ ಬದಲು ಅವಳು ಸಿಡುಕಿದಳು.

“ನಿಮ್ಮ ಟೇಪು ಒಳಗಿಡಿ. ಇಲ್ಲಿ ನಡೆಯೋದು ಇದು!”

ಅವಳು ಮುಂದೆ ಚಾಚಿದ ತಗಡಿನ ಡಬ್ಬಿಯೊಳಗೆ ಬಟ್ಟೆಯ ಟೇಪೊಂದು ಸುರುಳಿ ಸುತ್ತಿಕೊಂಡು ಮಲಗಿತ್ತು. ಟೈಲರ್ ಆಗಿದ್ದ ಅವಳ ಅಜ್ಜ ನಲವತ್ತು ವರ್ಷದ ಹಿಂದೆ ಈ ಬಾಸ್ಕೆಟ್‌ಬಾಲ್ ಸಂಘ ಕಟ್ಟಿದ್ದು, ಪೀಪಾಯಿಯ ಬಳೆಯನ್ನು ರಿಂಗ್ ಮಾಡಿದ್ದು, ಐದಡಿಯ ಟೇಪನ್ನು ಮೂರು ಸಲ ಹಾಸಿ ಫ್ರೀ ಥ್ರೋ ಹಾಕುವವರು ನಿಲ್ಲುವ ಗೆರೆ ಎಳೆದಿದ್ದು ಊರಿಗೆಲ್ಲ ಗೊತ್ತು. ಪ್ರತಿ ವರ್ಷ ಅದೇ ಟೇಪಿನಿಂದ ಅಳೆದು ಗೆರೆಗೆ ಬಣ್ಣ ಬಳಿಯುತ್ತಿದ್ದರು. ಈಗ ಅಜ್ಜನ ಅಂಗಡಿ, ತಂಡದ ಅಂಗಿ ಹೊಲಿಯುವ ಕೆಲಸ, ಈ ಟೇಪು ಮೂರೂ ಅವಳದೇ.

ಈ ಅಂಗಳದಲ್ಲಿ ಸಂಘವನ್ನು ಸೋಲಿಸಿದವರೇ ಇಲ್ಲ. ಫ್ರೀ ಥ್ರೋದಲ್ಲಿ ಹೊರಗಿನವರ ಚೆಂಡು ರಿಂಗಿನ ಹತ್ತಿರ ಹೋಗಿ ಬಿದ್ದುಬಿಡುತ್ತಿತ್ತು. ಬೇರೆ ಊರಿಗೆ ಹೋದರೆ ಮಾತ್ರ ಸಂಘಕ್ಕೆ ಒಂದು ಕಪ್ಪೂ ಇಲ್ಲ!

ಆರು ವರ್ಷದ ಹಿಂದೆ ಫೈನಲ್‌ಗೆ ಹೊರಟಾಗ ಅವಳೇ ಕ್ಯಾಪ್ಟನ್. “ಗೆದ್ದು ಬಂದ್ರೆ ನಿನಗೆ ಹೂಂ ಅಂತೀನಿ” ಎಂದು, ಮದುವೆಯಾಗ್ತೀಯಾ ಅಂತ ಕೇಳಿದ್ದ ಅವನನ್ನು ಕೆಣಕಿದ್ದಳು. ಕೊನೇ ಗಳಿಗೆ, ಒಂದೇ ಪಾಯಿಂಟ್ ಹಿಂದೆ, ಕೈಯಲ್ಲಿ ಎರಡು ಫ್ರೀ ಥ್ರೋ. ಊರಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದವಳು! ಎರಡೂ ಬೋರ್ಡಿಗೆ ಬಡಿದು ಹಿಂದೆ ಬಂದವು.

ಮರುದಿನ ಅವನು ಊರಲ್ಲಿರಲಿಲ್ಲ.

‘ಸೋತವಳು ಅವನಿಗೆ ಬೇಡವಾದಳು.’ ಆರು ವರ್ಷವೂ ಅವಳನ್ನು ಕೊರೆದದ್ದು ಇದೊಂದೇ.

“ಈ ಗೆರೆ ತಪ್ಪಾಗಿದೆ,” ಅವನು ಮೆಲ್ಲಗೆ ಹೇಳಿದ. “ಬೋರ್ಡಿಂದ ಹದಿನೈದು ಅಡಿ ಇರ್ಬೇಕು. ಒಂಬತ್ತು ಇಂಚು ಜಾಸ್ತಿ ಇದೆ.”

“ನಮ್ಮಜ್ಜನ ಅಳತೆ ತಪ್ಪಾ? ಬಾಯಿಗೆ ಬಂದಂಗೆ ಮಾತಾಡ್ಬೇಡಿ!”

ಅವನು ಎರಡು ಟೇಪನ್ನೂ ಪಕ್ಕಪಕ್ಕ ಹಾಸಿದ. ಬಟ್ಟೆ ಟೇಪಿನ ಐದು ಅಡಿ, ಸ್ಟೀಲ್ ಟೇಪಿನಲ್ಲಿ ಐದು ಅಡಿ ಮೂರು ಇಂಚು!

“ಅಯ್ಯಯ್ಯೋ!” ಅಷ್ಟೊತ್ತೂ ಪಕ್ಕದಲ್ಲಿ ನಿಂತಿದ್ದ ಸಂಘದ ಕಾರ್ಯದರ್ಶಿ, ರಿಟೈರಾದ ಪೋಸ್ಟ್ ಮಾಮ ತಲೆ ಮೇಲೆ ಕೈಯಿಟ್ಟರು. “ಟೇಪು ಜಗ್ಗಿ ಜಗ್ಗಿ ಉದ್ದ ಆಗಿದೆ, ಅಂಗಿ ಎಲ್ಲಾ ದೊಗಳೆ ಆಗ್ತಿದೆ ಅಂತ ನಿಮ್ಮಜ್ಜ ಹೊಸದು ತಗೊಂಡ ಕಣಮ್ಮಾ. ಸಂಘ ಶುರುವಾದಾಗ, ಹಳೇದು ಆಟಕ್ಕೆ ಸಾಕು ಅಂತ ಇಲ್ಲಿಗೆ ಕೊಟ್ಟ!”

ಯಾರಿಗೂ ನಗು ಬರಲಿಲ್ಲ.

ಅವಳು ಬಗ್ಗಿ ಗೆರೆಯನ್ನು ಮುಟ್ಟಿದಳು. ನಲವತ್ತು ವರ್ಷದ ಬಣ್ಣ ಬೆರಳಿಗೆ ದಪ್ಪಗೆ ತಾಗಿತು. ಅಪ್ಪ, ಅತ್ತೆ, ಎದುರು ಮನೆ ಬಡಗಿ, ಶಾಲೆಯ ಟೀಚರು... ಎಷ್ಟು ಜನ ಇಲ್ಲಿ ನಿಂತಿದ್ದರು! ಒಂದಿಡೀ ಊರು, ತನಗೇ ಗೊತ್ತಿಲ್ಲದೆ, ಜಗತ್ತಿಗಿಂತ ಒಂಬತ್ತು ಇಂಚು ದೂರದಿಂದ ಚೆಂಡು ಹಾಕುತ್ತಿತ್ತು! ಅದಕ್ಕೇ ಹೊರಗೆ ಹೋದಾಗೆಲ್ಲ ಕೈ ಜೋರಾಗುತ್ತಿತ್ತು!

“ಹಾಗಾದ್ರೆ... ಆವತ್ತು ನೀನು ಬೇಕಂತ ತಪ್ಪಿಸಿರ್ಲಿಲ್ವಾ?” ಅವನು ಟೇಪು ಕೆಳಗಿಟ್ಟ.

“ಬೇಕಂತಾನಾ?!”

“ಹೂಂ ಅನ್ನೋಕೆ ನಿನಗೆ ಇಷ್ಟ ಇಲ್ಲ ಅಂದ್ಕೊಂಡೆ. ಅದಕ್ಕೇ ರಜೆ ಹಾಕಿ ಹೋದೆ, ಆಮೇಲೆ ಟ್ರಾನ್ಸ್‌ಫರ್ ತಗೊಂಡೆ...”

“ಸೋತೆ ಅಂತ ಬಿಟ್ಟು ಹೋದೆ ಅಂದ್ಕೊಂಡು ಎಷ್ಟು ಅತ್ತಿದೀನಿ ಗೊತ್ತಾ? ಒಂದು ಮಾತು ಕೇಳೋಕೆ ಬಾಯಿರ್ಲಿಲ್ವಾ ನಿನಗೆ?”

“ಇತ್ತು... ಧೈರ್ಯ ಇರ್ಲಿಲ್ಲ.”

ಪೋಸ್ಟ್ ಮಾಮ ಥಟ್ಟನೆ ಏನೋ ಅರ್ಜೆಂಟ್ ಕೆಲಸ ನೆನಪಾಗಿ ಹೊರಟೇಬಿಟ್ಟರು.

ಅವನು ಸರಿಯಾದ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಚೆಂಡನ್ನು ಅವಳ ಕೈಗಿಟ್ಟ.

“ಹಾಕು, ಕ್ಯಾಪ್ಟನ್. ಬಿದ್ರೆ ಹೂಂ ಅನ್ಬೇಕು.”

ಅವಳು ಗೆರೆಗೆ ಕಾಲು ಹೊಂದಿಸಿ ಹಾಕಿದಳು.

ಚೆಂಡು ಬೋರ್ಡಿಗೆ ಬಡಿದು ಹಿಂದೆ ಬಂತು! ಅವನ ಮುಖ ಬಾಡಿತು.

“ಹೂಂ,” ಅಂದಳು ಅವಳು.

“ಬೀಳ್ಲೇ ಇಲ್ವಲ್ಲೇ?”

ಅವಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

“ಕೈಗೆ ಇನ್ನೂ ಹಳೇ ಅಳತೇನೇ ರೂಢಿ ಕಣೋ... ಮನಸ್ಸಿಗೂ ಅಷ್ಟೇ.”