ಹೆರಿಗೆ ಕೋಣೆಯ ಹೊರಗೆ ಇಬ್ಬರು

"ತಲೆ ಸಿಡೀತಿದೆ ಅಂತ ಅವಳು ಎಷ್ಟು ಸಲ ಹೇಳ್ಬೇಕು? ಮೊದ್ಲು ಬಿಪಿ ನೋಡ್ರೀ!"

ಆ ಕೂಗಿಗೆ ಹೆರಿಗೆ ವಾರ್ಡೇ ತಿರುಗಿ ನೋಡಿತು. ಒಡೆಟ್ ಕಣ್ಣು ಮುಚ್ಚಿಕೊಂಡಳು. ಮುಗೀತು...!

ಕೂಗಿದವನು ಎವಾಲ್ಡು, ಬ್ರೆಜಿಲಿನ ಸಾಲ್ವಡಾರ್‌ನ ನರ್ಸ್. ಅಮೆರಿಕದ ಮೆಂಫಿಸ್‌ನಲ್ಲಿ ಕಪ್ಪು ತಾಯಂದಿರ ಹೆರಿಗೆಗೆ ಜೊತೆ ನಿಲ್ಲುವ ಒಡೆಟ್‌ಳ ಗುಂಪಿನ ಕೆಲಸ ನೋಡಲು ಅಂದು ಬೆಳಿಗ್ಗೆಯಷ್ಟೇ ಬಂದಿದ್ದ. ಡಾಕ್ಟರು ಕಾವಲುಗಾರನನ್ನು ಕರೆದರು. ಎವಾಲ್ಡು ಹೊರಗೆ, ಅವನ ಜೊತೆಗೆ ಒಡೆಟ್‌ಳೂ ಹೊರಗೆ!

ಒಳಗೆ ಉಳಿದವಳು ಆಗಷ್ಟೇ ಹೆತ್ತಿದ್ದ ಶನೀಸ್. ಒಂಟಿಯಾಗಿ.

"ನಿಮ್ಗೆ ಗೊತ್ತಾ ಏನ್ ಮಾಡಿದ್ರಿ ಅಂತ?" ಒಡೆಟ್ ಅವನತ್ತ ತಿರುಗಿದಳು.

"ನೀವು ಯಾಕೆ ಸುಮ್ನೆ ನಿಂತಿದ್ರಿ? ಡಾಕ್ಟರು 'ಬರೀ ಸುಸ್ತು, ನೀವೆಲ್ಲ ಗಟ್ಟಿ ಹೆಂಗಸ್ರು' ಅಂತಾರೆ, ನೀವು ನಗ್ತೀರಿ!"

ನಾನು ನಕ್ಕೆನಾ...? ನಕ್ಕಿದ್ದಳು. ತನ್ನನ್ನು ಹೊರಗೆ ಹಾಕದಿರಲಿ ಎಂದು ಕಲಿತ ನಗು ಅದು.

ಕಾವಲುಗಾರ ಪರ್ವಿಸ್ ತನ್ನ ಕುರ್ಚಿಯನ್ನೇ ಕಿಟಕಿಯ ಬಳಿಗೆ ಎಳೆದು ಹಾಕಿದ. "ನನ್ ಕೆಲಸ ಇದು, ಬೇಜಾರಾಗ್ಬೇಡಿ ಮಿಸ್ ಒಡೆಟ್. ಇಲ್ಲಿ ಕೂತ್ಕೊಳ್ಳಿ, ಫೋನ್ ಚೆನ್ನಾಗಿ ಸಿಗುತ್ತೆ."

ಅವಳು ಕೂಡಲೇ ಶನೀಸ್‌ಗೆ ಕರೆ ಮಾಡಿದಳು.

"ಚಿನ್ನಾ, ಫೋನು ಹಾಗೇ ಇಟ್ಕೊಂಡಿರು. ಅವರಿಗೆ ಹೇಳು, 'ಬಿಪಿ ನೋಡಿ. ನೋಡಲ್ಲ ಅಂದ್ರೆ, ಹಾಗಂದಿದ್ದನ್ನ ನನ್ನ ಕೇಸ್ ಶೀಟಲ್ಲಿ ಬರೀರಿ.' ಅಷ್ಟೇ. ಕೂಗ್ಬೇಡ, ಅಳ್ಬೇಡ."

ಫೋನಿನಲ್ಲಿ ಶನೀಸ್‌ಳ ಸಣ್ಣ ದನಿ ಆ ಮಾತನ್ನು ಹೇಳಿತು. ತೋಳಿಗೆ ಬಿಪಿ ಪಟ್ಟಿ ಬಿಗಿದ ಸದ್ದು. ಆಮೇಲೆ ಯಾರೋ ಓಡಿದ ಹೆಜ್ಜೆಗಳು.

ರಕ್ತದೊತ್ತಡ ವಿಪರೀತ ಏರಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬರುತ್ತಿತ್ತಂತೆ. ಔಷಧಿ ಹನಿಯತೊಡಗಿತೆಂದು ನರ್ಸೇ ಹೊರಗೆ ಬಂದು ಹೇಳಿದಳು.

ಎವಾಲ್ಡು ನೆಲದ ಮೇಲೆ ಕೂತು ಅಳತೊಡಗಿದ. ಒಡೆಟ್‌ಳ ಕೋಪದೊಳಗಿಂದ ಒಂದು ಕುತೂಹಲ ತಲೆಯೆತ್ತಿತು. ಇಷ್ಟು ದೊಡ್ಡ ಮನುಷ್ಯ, ಯಾರಿಗಾಗಿ ಹೀಗೆ ಅಳುತ್ತಿದ್ದಾನೆ?

"ಯಾರು ಅವರು?" ಎಂದಳು ಮೆಲ್ಲಗೆ.

"ನನ್ನಕ್ಕ, ಜುರೇಮಾ. ಹೆತ್ತ ದಿನ ಹೀಗೇ ತಲೆನೋವು ಅಂದ್ಲು. ಡಾಕ್ಟರಿಗೆ ಸಿಟ್ಟು ಬರುತ್ತೆ ಅಂತ ನಾವ್ಯಾರೂ ಬಾಯಿ ಬಿಡ್ಲಿಲ್ಲ. ಸತ್ತೋದ್ಲು. ಇನ್ಮೇಲೆ ಸುಮ್ನಿರಲ್ಲ ಅಂದ್ಕೊಂಡೆ..."

ಒಡೆಟ್ ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಹೇಳಿದಳು: "ನನ್ನ ತಂಗಿ ಹೆರಿಗೇಲಿ ನಮ್ಮ ಚಿಕ್ಕಮ್ಮ ಹೀಗೇ ಕೂಗಿದ್ರು. ಅವರನ್ನ ಹೊರಗೆ ಹಾಕಿದ್ರು. ಒಳಗೆ ತಂಗಿ ಒಬ್ಳೇ ಪ್ರಾಣ ಬಿಟ್ಲು. ಅದಕ್ಕೇ ನಾನು ನಗೋದು ಕಲ್ತಿದ್ದು."

ಎರಡು ದೇಶ, ಒಂದೇ ಸಾವು. ಕಲಿತ ಪಾಠಗಳು ಮಾತ್ರ ತಿರುವುಮುರುವು!

ಅಂದಿನಿಂದ ಒಡೆಟ್ ಅವನನ್ನು ಕೇಳದ ಪ್ರಶ್ನೆಯಿಲ್ಲ. ನಿಮ್ಮಲ್ಲಿ ಬಾಣಂತಿಗೆ ಏನು ಉಣಿಸ್ತಾರೆ? ನಿಮ್ಮ ಹೆಂಗಸರು ಹೇಗೆ ಒಟ್ಟುಗೂಡಿದರು? ಅವನೂ ಕಲಿತ, 'ಕೇಸ್ ಶೀಟಲ್ಲಿ ಬರೀರಿ' ಎಂಬ ಅವಳ ಆ ಒಂದು ವಾಕ್ಯವನ್ನು ತನ್ನ ಭಾಷೆಯಲ್ಲಿ ಸಾಲ್ವಡಾರ್‌ಗೆ ಕಳಿಸಿದ. ಅಲ್ಲಿಂದ ಗೆಳತಿಯರ ಧ್ವನಿ ಸಂದೇಶಗಳು ಬಂದವು: ಇಲ್ಲೂ ನಡೀತು, ಇಲ್ಲೂ ಬಿಪಿ ನೋಡಿದ್ರು!

ಅವನು ಹೊರಡುವ ಮುನ್ನಾದಿನ ಇಬ್ಬರೂ ಶನೀಸ್‌ಳ ಮನೆಗೆ ಹೋದರು. ಮಗು ಒಡೆಟ್‌ಳ ತೋಳಲ್ಲಿ ನಿದ್ರಿಸುತ್ತಿತ್ತು. ಶನೀಸ್ ಬೇಕೆಂದೇ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದಳು.

"ಒಡೆಟ್..." ಎವಾಲ್ಡು ಪಿಸುಗುಟ್ಟಿದ. "ನಂಗೆ ನೀನು ಬೇಕು. ಇಲ್ಲಾದ್ರೆ ಇಲ್ಲಿ, ಅಲ್ಲಾದ್ರೆ ಅಲ್ಲಿ."

"ಏನು? ಕೇಳಿಸ್ಲಿಲ್ಲ."

"ಮಗು ಎದ್ದುಬಿಡುತ್ತೆ!"

"ಏಳ್ಲಿ ಬಿಡು, ಕೂಗಿ ಹೇಳು," ಎಂದಳು ಒಡೆಟ್, ಕಣ್ಣು ತುಂಬಿಕೊಂಡು. ಈ ಸಲ ನಗು ಅವಳದೇ ಆಗಿತ್ತು. "ಅದಕ್ಕೂ ಗೊತ್ತಾಗ್ಲಿ."