ನಾಲ್ಕು ಮೂಲೆಯ ಅರಿಶಿನ

೨೦೧೪ರ ಆಗಸ್ಟ್ ೧೧, ಸೋಮವಾರ, ಬೆಳಗ್ಗೆ ೯:೨೦. ಸ್ಯಾನ್ ಡಿಯಾಗೊ ಸರ್ಕಾರಿ ಪ್ರಾಸಿಕ್ಯೂಟರ್ ಕಚೇರಿಯ ತನಿಖಾಧಿಕಾರಿ ಕುಮುದಾಳ ಎದುರು ಪ್ರಕೃತಿ ಎಂಬಾಕೆ ಬಂದು ಕೂತಳು. ವಯಸ್ಸು ಮೂವತ್ತಾರು, ಟೊರ್ರಿ ಪೈನ್ಸ್‌ನ ಲ್ಯಾಬೊಂದರಲ್ಲಿ ಸಂಶೋಧಕಿ, ವಾಸ ಯೂನಿವರ್ಸಿಟಿ ಸಿಟಿ. ಇಂಗ್ಲಿಷಿನಲ್ಲಿ ಶುರುವಾದ ದೂರು ಎರಡನೇ ನಿಮಿಷಕ್ಕೆ ಕನ್ನಡಕ್ಕೆ ಬಂತು.

ದೂರಿನ ಸಾರಾಂಶ ಇಷ್ಟು. ಗಂಡ ವಿಚ್ಛೇದನ ಕೇಳಿ, ಐದು ವರ್ಷದ ಮಗಳು ಹರ್ಷಿತಾ ತನ್ನ ವಶಕ್ಕೇ ಬೇಕೆಂದು ಅರ್ಜಿ ಹಾಕಿದ್ದ. ಮೂವತ್ತು ದಿನದೊಳಗೆ ಪ್ರಕೃತಿ ಉತ್ತರ ಸಲ್ಲಿಸಬೇಕಿತ್ತು. ಅವಳು ಕನ್ನಡ ಕೂಟದವರೆಲ್ಲ ಹೇಳುವ ಲಾಯರ್ ವಿಶ್ವೇಶ್ವರನನ್ನು ಕರೆಸಿದಳು. ಅವನು ಉತ್ತರದ ಫಾರಂ ಬೇಕಿಲ್ಲ, ಒಂದು ಹೇಳಿಕೆ ಕೊಟ್ಟರೆ ಸಾಕು ಎಂದು ಊಟದ ಮೇಜಿನ ಮೇಲೇ ಬರೆದುಕೊಟ್ಟ. ಆ ಹೇಳಿಕೆ ಕೋರ್ಟಿಗೆ ಹೋದರೂ ಫಾರಮ್ಮಿನ ಉತ್ತರ ಬಾರದ ಕಾರಣ ಮಾರ್ಚ್ ೧೭ರಂದು ಏಕಪಕ್ಷೀಯ ತೀರ್ಪಾಯಿತು. ಮಗು ಪಸಡೀನಾಕ್ಕೆ, ಅಪ್ಪನ ಮನೆಗೆ ಹೋಯಿತು. ತಾಯಿಗೆ ಉಳಿದದ್ದು ತಿಂಗಳಿಗೆ ಎರಡು ಶನಿವಾರ.

ಕುಮುದಾ ವಕೀಲರ ಪಟ್ಟಿ ತೆರೆದು ನೋಡಿದಳು. ಕ್ಯಾಲಿಫೋರ್ನಿಯಾದಲ್ಲಿ ಆ ಹೆಸರಿಲ್ಲ, ಪೆನ್ಸಿಲ್ವೇನಿಯಾದಲ್ಲಿ ಇದೆ. ಅಲ್ಲಿ ಇಂಥ ಅರ್ಜಿಗೆ ಉತ್ತರ ಕೊಡದಿದ್ದರೂ ನಡೆಯುತ್ತದೆ. ಪುಣ್ಯಾತ್ಮ ಅಲ್ಲಿಯ ಕಾನೂನನ್ನು ಇಲ್ಲಿಗೆ ಹಚ್ಚಿದ್ದ.

ತೀರ್ಪು ರದ್ದು ಮಾಡಿಸಲು ಆರು ತಿಂಗಳ ಗಡುವು. ಸೆಪ್ಟೆಂಬರ್ ೧೭ ದಾಟಿದರೆ ಮಗುವಿನ ವಿಷಯವನ್ನು ಮೊದಲಿಂದ ತೆರೆಸುವುದು ಬಹಳ ಕಷ್ಟ. ಅಷ್ಟರೊಳಗೆ, ತಪ್ಪು ಮಾಡಿದ್ದು ತಾಯಿಯಲ್ಲ, ವಕೀಲನಲ್ಲದ ವಕೀಲ ಎಂದು ಸಾಬೀತಾಗಬೇಕು.

"ಅವರು ಬರೆದದ್ದು ಅನ್ನೋದಕ್ಕೆ ಏನಿದೆ? ಇಮೇಲ್? ರಸೀತಿ?"

"ಏನೂ ಇಲ್ಲ. ನಮ್ಮವರ ಹತ್ರ ರಸೀತಿ ಹೇಗೆ ಕೇಳೋದು ಮೇಡಂ?"

ಕಾಗದದ ಮೇಲೆ ಇದ್ದದ್ದು ಪ್ರಕೃತಿಯ ಸಹಿ ಮಾತ್ರ, ವಕೀಲರಿಲ್ಲದೆ ತಾನೇ ವಾದಿಸುತ್ತೇನೆ ಎಂಬ ಒಕ್ಕಣೆಯ ಕೆಳಗೆ. ಫೋನಿನಲ್ಲಿ ವಿಶ್ವೇಶ್ವರ, ಸ್ನೇಹಿತನಾಗಿ ಧೈರ್ಯ ಹೇಳಿದ್ದೆ, ಏನೂ ಬರೆದಿಲ್ಲ ಎಂದ.

ಆಗಸ್ಟ್ ೧೪ರಂದು ಕುಮುದಾ ಕೋರ್ಟಿನ ದಾಖಲೆ ಕೋಣೆಯಲ್ಲಿ ಆ ಹೇಳಿಕೆಯ ಮೂಲ ಪ್ರತಿ ತೆಗೆಸಿದಳು. ಮೊದಲ ಪುಟದ ನಾಲ್ಕೂ ಮೂಲೆಯಲ್ಲಿ ಮಾಸಲು ಹಳದಿ. ಸಹೋದ್ಯೋಗಿ ಮೊರಾಲೆಸ್, ಯಾರೋ ಸಾಸಿವೆ ಸಾಸ್ ಚೆಲ್ಲಿದ್ದಾರೆ ಎಂದ. ಕುಮುದಾ ನಗಲಿಲ್ಲ. ದಾವಣಗೆರೆಯ ಅವಳ ಮನೆಯಲ್ಲಿ ಲಗ್ನಪತ್ರಿಕೆಗೂ ಹಾಲ್ ಟಿಕೆಟ್ಟಿಗೂ ಹೀಗೇ ಅರಿಶಿನ ಹಚ್ಚುತ್ತಿದ್ದರು. ಹಚ್ಚಿದ್ದು ನೀವಾ ಎಂದು ಫೋನ್ ಮಾಡಿ ಕೇಳಿದರೆ, ಪ್ರಕೃತಿ ಅದನ್ನು ಗಮನಿಸಿಯೇ ಇರಲಿಲ್ಲ.

ವಿಶ್ವೇಶ್ವರನ ಸಹಾಯ ಪಡೆದವರೆಂದು ಕೂಟದಲ್ಲಿ ಕೇಳಿದ್ದ ಮೂರು ಹೆಸರನ್ನು ಪ್ರಕೃತಿ ಕೊಟ್ಟಳು. ಮೂವರೂ ಲಾಸ್ ಏಂಜಲೀಸ್ ಕಡೆಯವರು. ಅಲ್ಲಿನ ಕೋರ್ಟಿನ ಮೂರೂ ಕಡತದಲ್ಲಿ ಅದೇ ಹಳದಿ.

ಹಿತ್ತಲ ಗಿಡ ಮದ್ದಲ್ಲ ಎಂಬುದು ಊರಿನ ಗಾದೆ. ಇಲ್ಲಿಗೆ ಬಂದ ಮೇಲೆ ನಮ್ಮ ಜನಕ್ಕೆ ಹಿತ್ತಲ ಗಿಡವೇ ಬೇಕು, ಅದು ವಿಷವಾದರೂ ಬಾಯಿ ಬಿಡುವುದಿಲ್ಲ. ಮೊದಲಿಬ್ಬರು, ನಾವೇ ಬರೆದದ್ದು, ಅರಿಶಿನವೂ ನಮ್ಮದೇ ಎಂದು ಬಾಗಿಲು ಹಾಕಿಕೊಂಡರು.

ಸೆಪ್ಟೆಂಬರ್ ೩, ಮಧ್ಯಾಹ್ನ ೩:೪೦. ಮೂರನೆಯವರು ಪಸಡೀನಾದ ನಿವೃತ್ತ ಡಾಕ್ಟರ್ ರಾಜೇಶ್ವರಿ, ಎಪ್ಪತ್ತೊಂದು ವರ್ಷ. ಅವರದು ಗಂಡ ಸತ್ಯಮೂರ್ತಿ ತೀರಿಕೊಂಡ ಮೇಲೆ ಹಾಕಿದ ಉಯಿಲಿನ ಅರ್ಜಿ. ಅವರೂ, ನಾನೇ ಬರೆದೆ ಎಂದರು. ಹಣೆ ಬರಿದಾಗಿತ್ತು, ದೇವರ ಮುಂದೆ ಅರಿಶಿನ ಕುಂಕುಮದ ಬಟ್ಟಲು ಬೋರಲಾಗಿತ್ತು. ಹಾಗೆ ಬದುಕಬೇಕೆಂದು ಡಾಕ್ಟರಮ್ಮನಿಗೆ ಯಾರು ಹೇಳಿದರೋ! ಆದರೂ ಕೇಳಲೇಬೇಕಿತ್ತು. ಕುಮುದಾ ಅರ್ಜಿಯ ಮೊದಲ ಪುಟದ ಫೋಟೊ ಮುಂದಿಟ್ಟಳು.

"ಆಂಟಿ, ಈ ಅರಿಶಿನ ಹಚ್ಚಿದ್ದು ನೀವೇನಾ?"

ಅವರು ಫೋಟೊ ಕೈಗೆತ್ತಿಕೊಂಡು ಮೂಲೆಗಳನ್ನು ನೋಡಿದರು.

"ನಾನೀಗ ಅರಿಶಿನ ಮುಟ್ಟಲ್ಲಮ್ಮ. ಅವರೇ ಪೊಟ್ಟಣ ತಂದಿದ್ರು."

"ಯಾರು?"

"ವಿಶ್ವೇಶ್ವರ. ಬರೆದದ್ದೂ ಅವರೇ."

ಹೇಳಿಕೆ ದಾಖಲಾಯಿತು. ಅದರ ಮೇಲೆ ನ್ಯಾಯಾಧೀಶರು ಶೋಧ ಮತ್ತು ಬಂಧನದ ವಾರಂಟ್ ಕೊಟ್ಟರು. ಸೆಪ್ಟೆಂಬರ್ ೯, ಬೆಳಗ್ಗೆ ೭:೧೦ಕ್ಕೆ ಪಸಡೀನಾದಲ್ಲಿ ವಿಶ್ವೇಶ್ವರನ ಮನೆಯ ಶೋಧ. ಊರಿನಲ್ಲಾದರೆ ಪಂಚನಾಮೆ ಎನ್ನುತ್ತಿದ್ದ ಪಟ್ಟಿಗೆ ಸೇರಿದ್ದು: ಹದಿನಾಲ್ಕು ಕಕ್ಷಿದಾರರ ಫೈಲು, ಅದರಲ್ಲಿ ಪ್ರಕೃತಿಯ ಹೇಳಿಕೆಯ ಕರಡು, ಡ್ರಾಯರಿನಲ್ಲಿ ಅರಿಶಿನದ ಪೊಟ್ಟಣ, ಗೋಡೆಯ ಮೇಲೆ ವಕೀಲಿ ಸನ್ನದು, ಪೆನ್ಸಿಲ್ವೇನಿಯಾ ಎಂಬ ಅಕ್ಷರ ಮುಚ್ಚುವ ಹಾಗೆ ಗಂಧದ ಹಾರ. ಅದರ ಹಿಂದೆ ನಾಲ್ಕು ಪತ್ರ. ಕ್ಯಾಲಿಫೋರ್ನಿಯಾ ವಕೀಲಿ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲ್.

ಬಂಧನ ೭:೫೫ಕ್ಕೆ. ಠಾಣೆಯಲ್ಲಿ ಕುಮುದಾ ಅವನ ಹಕ್ಕುಗಳನ್ನು ಓದಿ ಹೇಳಿದಳು. ಸುಮ್ಮನಿರಬಹುದು ಎಂಬುದು ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತು. ತಪ್ಪು ಒಪ್ಪಿ ಬರೆದುಕೊಟ್ಟರೆ ಪೆನ್ಸಿಲ್ವೇನಿಯಾದ ಸನ್ನದೂ ಹೋಗುತ್ತದೆ ಎಂಬುದೂ ಗೊತ್ತು.

"ಆ ಮಗೂ ಕೇಸಿನ ಗಡುವಿಗೆ ಎಷ್ಟು ದಿನ ಇದೆ?" ಎಂದು ಅವನೇ ಕೇಳಿದ.

"ಎಂಟು."

ಅವನು ಪೆನ್ನು ಕೇಳಿದ. ತಾನು ಕೊಟ್ಟ ಸಲಹೆ, ಅದರ ತಪ್ಪು, ದಿನಾಂಕ ಎಲ್ಲವನ್ನೂ ತಡವರಿಸದೆ ಬರೆದ. ಕೊನೆಯ ಸಾಲಿಗೆ ಮಾತ್ರ ಇಪ್ಪತ್ತು ನಿಮಿಷ ಬೇಕಾಯಿತು: ನಾನು ಕ್ಯಾಲಿಫೋರ್ನಿಯಾದಲ್ಲಿ ವಕೀಲನಲ್ಲ.

ಯಾಕೆ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಕಡತದಲ್ಲಿ ನಾಲ್ಕು ಸಾಲಿದೆ. ೨೦೧೦ರ ಯುಗಾದಿ ಕಾರ್ಯಕ್ರಮದಲ್ಲಿ ಕೂಟದ ಅಧ್ಯಕ್ಷರು ಮೈಕಿನಲ್ಲಿ ಇವರು ನಮ್ಮ ಲಾಯರ್ ಎಂದರು. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಜುಲೈ ಪರೀಕ್ಷೆ ಪಾಸಾದರೆ ಅದು ನಿಜವೇ ಆಗುತ್ತದಲ್ಲ ಎಂದು ಸುಮ್ಮನಾದ. ಆಮೇಲೆ ಪ್ರತಿ ಜುಲೈನಲ್ಲೂ ಸುಮ್ಮನಾದ.

ಹೊಸ ವಕೀಲರು ಸೆಪ್ಟೆಂಬರ್ ೧೫ರಂದು ಅರ್ಜಿ ಹಾಕಿದರು. ಅಕ್ಟೋಬರ್ ೭ರಂದು ತೀರ್ಪು ರದ್ದಾಯಿತು. ಮರುವಿಚಾರಣೆ ಜನವರಿಯಲ್ಲಿ. ಅಲ್ಲಿಯವರೆಗೆ ಮಗು ಪಸಡೀನಾದಲ್ಲೇ.

ಕೋರ್ಟಿನ ಹೊರಗೆ ಪ್ರಕೃತಿ ಕುಮುದಾಳ ಕೈ ಹಿಡಿದುಕೊಂಡು ನಿಂತಳು.

"ಹೊಸ ಲಾಯರ್ ಹೆಸರು ಮೂರು ಸಲ ಚೆಕ್ ಮಾಡಿದೆ ಮೇಡಂ. ಎರಡು ನಿಮಿಷದ ಕೆಲಸ. ಆಗ ಮಾಡ್ಲಿಲ್ಲ. ನಮ್ಮವರನ್ನ ಹಾಗೆ ಚೆಕ್ ಮಾಡೋದು ಮರ್ಯಾದೆ ಅಲ್ಲ ಅಂದ್ಕೊಂಡೆ."

ಅಂದು ಮಂಗಳವಾರ. ಹರ್ಷಿತಾಳನ್ನು ನೋಡುವ ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.