ಇವರು ನಿಮಗೆ ಏನಾಗಬೇಕು?

"ರೋಗಿ ನಿಮಗೆ ಏನಾಗಬೇಕು?"

ಕಿಂಡಿಯಾಚೆ ನಿಂತಿದ್ದವನು ರೋಗಿಯ ಚೀಟಿಯನ್ನು ಒಳಗೆ ತಳ್ಳಿದ.

ಅವಳು ತಲೆಯೆತ್ತದೆ ಮತ್ತೆ ಕೇಳಿದಳು. "ಸಂಬಂಧ ಹೇಳಿ. ಮಗನಾ? ಅಳಿಯನಾ?"

"ಏನೂ ಆಗಬೇಕಿಲ್ಲ."

"ಹಾಗಾದ್ರೆ ರಿಪೋರ್ಟ್ ಕೊಡೋಕೆ ಬರಲ್ಲ."

"ವಾರ್ಡಲ್ಲಿ ಅವರ ಮಂಚದ ಪಕ್ಕ ಮಲಗಿದ್ದು ನಾನು. ಊಟ ಮಾಡಿಸಿದ್ದು ನಾನು. ಮೂಗಿನ ನಳಿಕೆ ಕಿತ್ತುಹಾಕ್ತಾರೆ ಅಂತ ಕೈ ಹಿಡ್ಕೊಂಡು ಕೂತಿದ್ದೂ ನಾನೇ. ಆಗ ಯಾರೂ ಕೇಳಲಿಲ್ಲ, ಏನಾಗ್ಬೇಕು ಅಂತ. ಈಗ ಒಂದು ಕಾಗದಕ್ಕೆ ಕೇಳ್ತೀರಾ?"

ಅವನ ದನಿ ಜೋರಾಗಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ನಾಟಿತು.

ನಿಜ ಹೇಳಬೇಕೆಂದರೆ ಆ ಕಿಂಡಿ ಅವಳ ಜಾಗವೇ ಅಲ್ಲ. ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂರುವ ಕೋಡರ್. ಒಳರೋಗಿ ಗುಣವಾಗಿ ಮನೆಗೆ ಹೋದರೂ, ಗುಣವಾಗದೆ ಹೋದರೂ, ಅವನ ಇಡೀ ಫೈಲು ಕೆಳಗಿಳಿದು ಅವಳ ಮುಂದೆ ಬರುತ್ತದೆ. ಮೊದಲ ಪುಟದಿಂದ ಕೊನೆಯವರೆಗೆ ಓದಿ, ಯಾವ ಕಾಯಿಲೆ ಅವನನ್ನು ಇಲ್ಲಿಗೆ ತಂದಿತು, ಯಾವುದು ಆಮೇಲೆ ಸೇರಿಕೊಂಡಿತು ಎಂದು ತಿಳಿದು, ಒಂದೊಂದಕ್ಕೂ ಅದರದೇ ಸಂಕೇತ ಸಂಖ್ಯೆ, ಅಂದರೆ ಕೋಡ್, ಹಾಕುವುದು ಅವಳ ಕೆಲಸ. ಅಂದು ಕಿಂಡಿಯವರು ರಜೆಯಲ್ಲಿದ್ದರು, ಅಷ್ಟೇ. ಜೀವಂತ ಮನುಷ್ಯರ ಎದುರು ಕೂತು ಅವಳಿಗೆ ಅಭ್ಯಾಸವಿರಲಿಲ್ಲ.

'ತಪ್ಪು ಮಾಡ್ತಿದೀನಾ? ಕೊಟ್ಟರೂ ತಪ್ಪು... ಕೊಡದಿದ್ದರೂ ತಪ್ಪು...'

"ಅವರ ಒಪ್ಪಿಗೆ ಪತ್ರ ಇದ್ರೆ ಕೊಡಬಹುದು," ಎಂದಳು. "ನಾನೇ ಬರೆದುಕೊಡ್ತೀನಿ. ಸಹಿ ಹಾಕಿಸ್ಕೊಂಡು ಬನ್ನಿ."

"ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ ಅವರಿಗೆ."

"ಎಡಗೈ ಹೆಬ್ಬೆಟ್ಟೂ ಆಗುತ್ತೆ."

ಅವಳು ಬರೆದುಕೊಟ್ಟ ಹಾಳೆಯನ್ನು ಅವನು ಮಡಿಸಿ ಜೇಬಿಗಿಟ್ಟ. ಹೋಗಲು ತಿರುಗಿದವನು ನಿಂತ.

"ನಿಮ್ಮ ಕನ್ನಡಕ ಸೊಟ್ಟಗಿದೆ. ಎಡಗಿವಿಯ ಹಿಂದೆ ಗಾಯ ಆಗಿರಬೇಕು."

ಆಗಿತ್ತು. ಅವಳ ಬೆರಳು ಕಿವಿಯ ಹಿಂದೆ ಹೋಯಿತು.

"ಎದುರು ರಸ್ತೆಯಲ್ಲಿ ನಮ್ಮ ಯಜಮಾನರ ಕನ್ನಡಕದಂಗಡಿ. ಅವರೇ ಈ ರೋಗಿ. ಬನ್ನಿ, ಸರಿ ಮಾಡ್ಕೊಡ್ತೀನಿ."

ಅವಳು ಹೋದಳು. ಅವನು ಕನ್ನಡಕದ ಕಡ್ಡಿಯನ್ನು ಬಿಸಿ ಮಾಡಿ ಹದವಾಗಿ ಬಗ್ಗಿಸಿ, ಅವಳ ಕಿವಿಗೆ ತಾಗದ ಹಾಗೆ ಕೂರಿಸಿದ. ಅನಾಥನಾಗಿದ್ದ ತನ್ನನ್ನು ಯಜಮಾನರು ಸಾಕಿ, ಗಾಜು ಉಜ್ಜುವುದನ್ನು ಕಲಿಸಿದ ಕಥೆಯನ್ನು ಎರಡೇ ಮಾತಿನಲ್ಲಿ ಹೇಳಿದ. ಒಳಗೆ ಆರಾಮ ಕುರ್ಚಿಯಲ್ಲಿದ್ದ ಮುದುಕರು ಅವಳನ್ನೇ ನೋಡುತ್ತಿದ್ದರು.

ಆಮೇಲೆ ಅವಳ ಕನ್ನಡಕಕ್ಕೆ ಪದೇ ಪದೇ ಏನಾದರೊಂದು ಆಗತೊಡಗಿತು. ಒಮ್ಮೆ ತಿರುಪು ಸಡಿಲ, ಒಮ್ಮೆ ಗಾಜಿಗೆ ಗೀರು.

"ನಿನ್ನ ಕನ್ನಡಕಕ್ಕೆ ಆರೋಗ್ಯವೇ ಸರಿಯಿಲ್ಲ ಕಣೇ," ಎಂದು ಪಕ್ಕದ ಮೇಜಿನ ಹಿರಿಯ ಕೋಡರ್ ರೇಗಿಸಿದರು. ಆಫೀಸಿಗೆಲ್ಲ ಅವರು ದೊಡ್ಡಕ್ಕ. "ಅಡ್ಮಿಟ್ ಮಾಡಿಬಿಡು. ನಾನೇ ಕೋಡ್ ಹಾಕ್ತೀನಿ."

ಅಂಗಡಿಯಲ್ಲಿ ಯಜಮಾನರದೂ ಅದೇ ರಾಗ. "ಇನ್ನೆಷ್ಟು ಸಲ ರಿಪೇರಿ ಮಾಡ್ತೀಯೋ? ಹೊಸ ಮೂಗೇ ಮಾಡಿಕೊಡು ಅವಳಿಗೆ." ನಾಲಿಗೆ ತೊದಲಿದರೂ ತಮಾಷೆ ತೊದಲುತ್ತಿರಲಿಲ್ಲ.

ಅವನು ನಗುತ್ತಿದ್ದ. ಅವಳ ಕೆಲಸದ ಬಗ್ಗೆ ಕೇಳುತ್ತಿದ್ದ.

"ಡಾಕ್ಟರ ಬರಹ ಅರ್ಥವಾಗದಿದ್ರೆ?"

"ಅವರನ್ನೇ ಕೇಳಬೇಕು. ನಾನಾಗಿ ಊಹಿಸಿ ಬರೆಯೋ ಹಾಗಿಲ್ಲ."

"ಎಲ್ಲರ ಫೈಲೂ ನಿಮ್ಮ ಹತ್ರಾನೇ ಬರುತ್ತಾ?"

"ನರರೋಗದ ವಾರ್ಡು ಪೂರ್ತಿ ನನ್ನದೇ," ಎಂದು ಅವಳು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದಳು.

ಅವನ ಕೈಯಲ್ಲಿದ್ದ ಗಾಜು ಒಂದು ಕ್ಷಣ ತಿರುಗುವುದನ್ನು ನಿಲ್ಲಿಸಿತ್ತು. ಅವಳು ಗಮನಿಸಲಿಲ್ಲ.

ಮದುವೆಯ ಮಾತನ್ನು ಇಬ್ಬರೂ ಆಡಿರಲಿಲ್ಲ. ಆದರೆ ಮನೆಯಲ್ಲಿ ಅಮ್ಮ ಗಂಡಿನ ವಿಷಯ ತೆಗೆದಾಗಲೆಲ್ಲ ಅವಳ ಬೆರಳು ತಾನಾಗಿ ಕಿವಿಯ ಹಿಂದೆ ಹೋಗುತ್ತಿತ್ತು. ಗಾಯ ಮಾಗಿ ಬಹಳ ದಿನವಾಗಿತ್ತು.

ಒಂದು ದಿನ ಅವನು ಫೋನ್ ಮಾಡಿದ. "ಗಾಜು ತರೋಕೆ ಬೇರೆ ಊರಿಗೆ ಬಂದಿದೀನಿ. ಬರೋದು ತಡ ಆಗುತ್ತೆ."

ದನಿ ಭಾರವಾಗಿತ್ತು. ಪ್ರಯಾಣದ ಆಯಾಸವಿರಬೇಕು ಎಂದುಕೊಂಡಳು.

ಮುಂದಿನ ವಾರ ಒಂದು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಅವಳ ಪಾಲಿನ ಫೈಲುಗಳ ಪಟ್ಟಿ ತೆರೆಯಿತು.

ನಡುವೆ ಅವನ ಹೆಸರಿತ್ತು.

ಅದೇ ವಯಸ್ಸು, ಅಂಗಡಿಯದೇ ವಿಳಾಸ. ನರರೋಗದ ವಾರ್ಡು. ನಿನ್ನೆ ಬಿಡುಗಡೆ. ಹಾಗಾದರೆ ಅವನು ಫೋನ್ ಮಾಡಿದ್ದು ಬೇರೆ ಊರಿನಿಂದಲ್ಲ. ಇದೇ ಕಟ್ಟಡದಿಂದ... ಅವಳ ತಲೆಯ ಮೇಲಿನ ಯಾವುದೋ ಮಹಡಿಯ ಮಂಚದಿಂದ.

'ಯಾಕೆ ಸುಳ್ಳು ಹೇಳಿದ? ಏನಾಗಿದೆ ಇವನಿಗೆ?'

ಒಂದು ಬಾರಿ ಒತ್ತಿದರೆ ಸಾಕು, ಫೈಲು ತೆರೆದುಕೊಳ್ಳುತ್ತದೆ. ತೆರೆಯುವುದು ಅವಳ ಕೆಲಸವೇ. ಬೆರಳು ಮೌಸಿನ ಮೇಲಿತ್ತು.

ಅವಳು ಎದ್ದು ಮುಖ್ಯಸ್ಥರ ಮೇಜಿನ ಬಳಿ ಹೋದಳು. ನಿವೃತ್ತಿ ಹತ್ತಿರವಿದ್ದ, ಯಾರನ್ನೂ ಗದರದ ಮನುಷ್ಯ.

"ಸರ್, ಒಂದು ಫೈಲು ನಾನು ಮಾಡೋ ಹಾಗಿಲ್ಲ. ಬೇರೆಯವರಿಗೆ ಕೊಡಿ."

"ನಿಮ್ಮವರದಾ? ಏನಾಗಬೇಕಮ್ಮ?"

ಅವಳು ಫೈಲಿನ ಸಂಖ್ಯೆ ಬರೆದ ಚೀಟಿಯನ್ನು ಮುಂದಿಟ್ಟಳು.

"ಬರೀ ಪರಿಚಯ ಆದ್ರೆ ನೀನೇ ಮಾಡಬಹುದು," ಎಂದರು ಅವರು. "ಅಂಗಡಿಯವರು, ಬೀದಿಯವರು, ಎಲ್ಲರನ್ನೂ ಬಿಟ್ರೆ ಕೆಲಸ ಸಾಗಲ್ಲ. ಸ್ವಂತದವರಾದ್ರೆ ಮಾತ್ರ ಓದಬಾರದು. ಅದು ನಮ್ಮ ನಿಯಮ."

ಅಂದರೆ... 'ಪರಿಚಯ' ಎಂದರೆ ಸಾಕು. ಈಗಲೇ, ಯಾರ ಅಡ್ಡಿಯೂ ಇಲ್ಲದೆ, ಅವನಿಗೆ ಏನಾಗಿದೆಯೆಂದು ಎಲ್ಲವೂ ತಿಳಿಯುತ್ತದೆ. ಅವನು ನಿಜವಾಗಿ ಬರೀ ಪರಿಚಯವೇ ಅಲ್ಲವೇ? ಯಾರು ಏನು ಹೇಳಿದ್ದಾರೆ?

ಆದರೆ ತಾನಾಗಿ ಹೇಳದೆ ಮುಚ್ಚಿಟ್ಟದ್ದನ್ನು ಅವನ ಬೆನ್ನ ಹಿಂದೆ ಓದುವುದೇ? ಓದಿ, ಅವನ ಎದುರು ಏನೂ ತಿಳಿಯದವಳ ಹಾಗೆ ನಗುವುದೇ?

"ಮದುವೆ ಆಗೋರು, ಸರ್," ಎಂದಳು.

ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಮುಖ್ಯಸ್ಥರು ಒಮ್ಮೆ ತಲೆಯೆತ್ತಿ ನೋಡಿ, ಬರೆದುಕೊಂಡರು. "ಇನ್ಮೇಲೆ ಇವರ ಯಾವ ಫೈಲೂ ನಿನ್ನ ಹತ್ರ ಬರಲ್ಲ. ಇಲ್ಲಿ ನೋಡಿದ್ದನ್ನ ಹೊರಗೆ ಕೇಳೋ ಹಾಗೂ ಇಲ್ಲ, ಗೊತ್ತಲ್ಲ?"

ಗೊತ್ತಿತ್ತು. 'ಆಸ್ಪತ್ರೆಗೆ ಸೇರಿದ್ದಿರಂತೆ' ಎಂದು ಅವನನ್ನು ಕೇಳುವಂತಿಲ್ಲ. ಅವನಾಗಿ ಹೇಳುವವರೆಗೆ ಕಾಯಬೇಕು.

ಫೈಲು ದೊಡ್ಡಕ್ಕನ ಪಾಲಿಗೆ ಹೋಯಿತು.

ಆ ಮಧ್ಯಾಹ್ನ ದೊಡ್ಡಕ್ಕ ಒಂದೂ ತಮಾಷೆ ಮಾಡಲಿಲ್ಲ. ಊಟದ ಡಬ್ಬಿ ತೆರೆದು, ಅವಳ ಮುಖ ನೋಡದೆ ಕೂತಿದ್ದರು.

"ನಾನೇನೂ ಕೇಳಲ್ಲ, ದೊಡ್ಡಕ್ಕ."

"ನಾನೇನೂ ಹೇಳಲ್ಲ. ಊಟ ಮಾಡು."

ಆ ಮುಖದಲ್ಲಿ ಅವಳು ಏನೇನೋ ಓದಿಕೊಂಡಳು. ಮಿದುಳಿನ ಗಡ್ಡೆಯೇ? ಆ ವಾರ್ಡಿನಿಂದ ತನ್ನ ಮುಂದೆ ಬಂದಿದ್ದ ಫೈಲುಗಳೆಲ್ಲ ಒಂದೊಂದಾಗಿ ನೆನಪಾದವು. ವೈದ್ಯರು ಬರೆಯದ ಒಂದಕ್ಷರವನ್ನೂ ಊಹಿಸದವಳು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವಾಗ ಅವನ ಕಾಯಿಲೆಯನ್ನು ಊಹಿಸುತ್ತಲೇ ಇದ್ದಳು. ಅದರ ಮೇಲೆ ಇನ್ನೊಂದು ಭಯ... ಮಾತೇ ಆಗದ ಮದುವೆಯ ಹೆಸರು ಹೇಳಿ ಆಫೀಸಿಗೆ ಸುಳ್ಳು ಬರೆಸಿದೆನೇ?

ಅತ್ತ ಅವನೂ ಕಾಯುತ್ತಿದ್ದ.

'ಈಗ ಫೈಲು ಅವಳ ಮುಂದೆ ಬಂದಿರುತ್ತೆ. ಇವತ್ತು ಓದಿರ್ತಾಳೆ. ನಾಳೆ ಕೇಳ್ತಾಳೆ.'

ಅವಳು ಕೇಳಲಿಲ್ಲ. ಒಮ್ಮೆ ಫೋನಿನಲ್ಲಿ, "ಗಾಜು ಸಿಕ್ತಾ?" ಎಂದಳು. ಎಲ್ಲ ತಿಳಿದೂ ಚುಚ್ಚುತ್ತಿದ್ದಾಳೆ ಅನ್ನಿಸಿತು ಅವನಿಗೆ. "ಸಿಕ್ತು," ಎಂದು ಇಟ್ಟುಬಿಟ್ಟ. ಆಮೇಲೆ ಅವಳ ಫೋನು ಎತ್ತಲಿಲ್ಲ.

ಕೊನೆಗೆ ಅವಳೇ ಅಂಗಡಿಗೆ ಹೋದಳು. ಸಂಜೆ ಬಿಸಿಲು ಕನ್ನಡಿಗಳ ಮೇಲೆ ಬಿದ್ದಿತ್ತು. ಕನ್ನಡಕ ತೆಗೆದು ಮುಂದಿಟ್ಟಳು.

"ಏನಾಗಿದೆ ಇದಕ್ಕೆ?"

"ಏನೂ ಆಗಿಲ್ಲ."

"ಮತ್ತೆ ಯಾಕೆ ಬಂದ್ರಿ?" ಅವನು ಕನ್ನಡಕ ಮುಟ್ಟಲಿಲ್ಲ. "ನೇರವಾಗಿ ಹೇಳಿಬಿಡಿ. ಬೇಡ ಅಂದ್ರೆ ಬೇಡ. ನನಗೆ ಇದು ಹೊಸದಲ್ಲ. ಹಿಂದೆ ಒಂದು ಮನೆಯವರು ಹೆಣ್ಣು ಕೊಡೋಕೆ ಒಪ್ಪಿದ್ರು. ವಿಷಯ ಗೊತ್ತಾದ ಮೇಲೆ ಹೀಗೇ ಸುಮ್ಮನಾದ್ರು. ಆದರೆ ನೀವು... ನೀವು ಬೈದು ಹೋಗ್ತೀರಿ ಅಂದ್ಕೊಂಡಿದ್ದೆ. ಸುಮ್ಮನೆ ಹೋಗಲ್ಲ ಅಂದ್ಕೊಂಡಿದ್ದೆ."

"ಯಾವ ವಿಷಯ?"

"ನಾಟಕ ಬೇಡ. ನನ್ನ ಫೈಲು ಓದಿದೀರಲ್ಲ."

"ಓದಿಲ್ಲ."

"ಆ ವಾರ್ಡು ಪೂರ್ತಿ ನಂದು ಅಂದಿದ್ರಿ."

"ಹೌದು. ನಿಮ್ಮದು ಮಾತ್ರ ತೆರೀಲಿಲ್ಲ. ವಾಪಸ್ ಕೊಟ್ಟೆ."

"ಯಾಕೆ?"

ಅವಳಿಗೆ ಕನ್ನಡಕವಿಲ್ಲದೆ ಅವನ ಮುಖ ಮಸುಕಾಗಿ ಕಾಣುತ್ತಿತ್ತು. ಅದರಿಂದಲೇ ಧೈರ್ಯ ಬಂದಿರಬೇಕು.

"ಸ್ವಂತದವರ ಫೈಲು ಓದೋ ಹಾಗಿಲ್ಲ."

ಅಂಗಡಿಯೊಳಗೆ ಆರಾಮ ಕುರ್ಚಿ ಕಿರುಗುಟ್ಟುವುದು ನಿಂತಿತು.

"ಏನಾಗಬೇಕು ಅಂತ ಕೇಳಿದ್ರು," ಎಂದಳು. "ಬರೀ ಪರಿಚಯ ಅಂದಿದ್ರೆ ಎಲ್ಲಾ ಓದಬಹುದಿತ್ತು. ನಾನು... ಮದುವೆ ಆಗೋರು ಅಂದೆ. ನಿಮ್ಮನ್ನ ಒಂದು ಮಾತು ಕೇಳದೆ ಹಾಗನ್ನಬಾರದಿತ್ತು. ಅಂದುಬಿಟ್ಟೆ."

ಅವನು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ.

"ಹಾಗಾದ್ರೆ ನಿಮಗೆ ಏನೂ ಗೊತ್ತಿಲ್ಲ."

"ಏನೂ ಗೊತ್ತಿಲ್ಲ. ದಿನಾ ನಿಮ್ಮನ್ನ ಒಂದೊಂದು ಕಾಯಿಲೇಲಿ ಸಾಯಿಸ್ತಿದೀನಿ. ನಿದ್ದೆ ಇಲ್ಲ."

ಅವನು ಸ್ಟೂಲನ್ನು ಅವಳ ಕಡೆ ತಳ್ಳಿದ. ತಾನೂ ಕೂತ. ಗಾಜು ಉಜ್ಜುವ ಕಲ್ಲಿನ ಮೇಲೆ ಕೈಯಿಟ್ಟುಕೊಂಡು, ಅದನ್ನೇ ನೋಡುತ್ತಾ ಹೇಳಿದ.

"ಫಿಟ್ಸ್. ಚಿಕ್ಕಂದಿನಿಂದಲೂ ಇದೆ. ಮಾತ್ರೆ ತಗೊಂಡ್ರೆ ವರ್ಷಗಟ್ಟಲೆ ಬರಲ್ಲ. ಯಜಮಾನರ ಓಡಾಟದಲ್ಲಿ ಮಾತ್ರೆ ತಪ್ಪಿತು. ಅಂಗಡೀಲೇ ಬಿದ್ದೆ. ನಿಮಗೆ ಮೊದಲೇ ಹೇಳಬೇಕಿತ್ತು. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ... ನೀವು ನಕ್ಕಾಗಲೆಲ್ಲ ಇನ್ನೊಂದು ದಿನ ಮುಂದಕ್ಕೆ ಹಾಕಿದೆ."

ಅವಳಿಗೆ ಸಮಾಧಾನವೂ ಭಯವೂ ಒಟ್ಟಿಗೇ ಬಂದವು. ಗಡ್ಡೆಯಲ್ಲ. ಆದರೆ ಈ ಕಾಯಿಲೆಯ ಕೋಡ್ ಅವಳಿಗೆ ಬಾಯಿಪಾಠ. ಅದರ ಜೊತೆ ಬರುವುದೂ ಗೊತ್ತು. ತಲೆಗೆ ಪೆಟ್ಟು, ಸುಟ್ಟ ಕೈ, ನೀರಿನ ತೊಟ್ಟಿ...

"ಭಯ ಆಗ್ತಿದೆ ಅಲ್ವಾ?"

"ಆಗ್ತಿದೆ," ಎಂದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನ್ನ ಹತ್ರ ಬರೋದು ಎಲ್ಲರ ಕೆಟ್ಟ ದಿನಗಳು ಮಾತ್ರ. ಬೀಳದೆ ಇದ್ದ ದಿನಕ್ಕೆ ಫೈಲೇ ಇರಲ್ಲ. ಹಾಗಾಗಿ ನನಗೆ ಕೆಟ್ಟದ್ದೇ ಜಾಸ್ತಿ ಗೊತ್ತು."

"ಬೀಳದ ದಿನಗಳೇ ಜಾಸ್ತಿ ಇವೆ."

"ಇರಬಹುದು. ಬಿದ್ದಾಗ ಏನು ಮಾಡಬೇಕು? ಅದನ್ನ ಮೊದಲು ಹೇಳಿ."

ಅವನು ತಲೆಯೆತ್ತಿದ.

"ಹಿಡಿದು ಅದುಮಬಾರದು. ಬಾಯಿಗೆ ಏನೂ ತುರುಕಬಾರದು. ತಲೆ ಕೆಳಗೆ ಏನಾದ್ರೂ ಮೆತ್ತಗಿರೋದು ಇಟ್ಟು, ಒಂದು ಮಗ್ಗುಲಿಗೆ ಮಲಗಿಸಬೇಕು. ಗಡಿಯಾರ ನೋಡ್ತಿರಬೇಕು. ಐದು ನಿಮಿಷ ದಾಟಿದ್ರೆ ಆಸ್ಪತ್ರೆಗೆ."

"ಯಾವ ಮಗ್ಗುಲು?"

"ಯಾವುದಾದ್ರೂ. ಎಡ ಆದ್ರೆ ಒಳ್ಳೇದು."

"ಎಚ್ಚರ ಆದ ಮೇಲೆ?"

"ಸ್ವಲ್ಪ ಹೊತ್ತು ಯಾರೂ ಗುರುತು ಸಿಗಲ್ಲ. ಆಗ ಪಕ್ಕದಲ್ಲಿ ಇದ್ರೆ ಸಾಕು. ಏನೂ ಕೇಳಬಾರದು."

"ಅದು ಕಷ್ಟ ಏನಲ್ಲ," ಎಂದಳು. "ಇಷ್ಟು ದಿನ ಅದನ್ನೇ ಮಾಡಿದೀನಿ."

ಒಳಗಿನಿಂದ ಯಜಮಾನರ ತೊದಲು ದನಿ ಬಂತು. "ಇಷ್ಟು ದಿನ ನನಗೆ ಗಂಟಲು ಕಟ್ಟಿತ್ತು... 'ಹೇಳಬೇಡಿ' ಅಂತ ಈ ಕತ್ತೆ ಮಾತು ತಗೊಂಡಿದ್ದ. ಇನ್ನಾದ್ರೂ ಒಂದು ಲೋಟ ಟೀ ಕುಡಿಸ್ತೀರಾ?"

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಮುಂದಿದ್ದ ಕನ್ನಡಕ ಎತ್ತಿ, ಗಾಜುಗಳನ್ನು ಬಟ್ಟೆಯಿಂದ ಒರೆಸಿ, ಎರಡೂ ಕೈಯಿಂದ ಅವಳಿಗೆ ಹಾಕಿದ. ಅವನ ಮುಖ ಸ್ಪಷ್ಟವಾಯಿತು. ಹುಬ್ಬಿನ ಮೇಲೆ ಬಿದ್ದ ಜಾಗದ ಹೊಲಿಗೆ, ಹೊಸದು. ಇಲ್ಲಿಯವರೆಗೆ ಕೂದಲಿನಡಿ ಮುಚ್ಚಿಟ್ಟಿದ್ದ.

"ಈಗಲೂ ಹೋಗಿ ತಿದ್ದಿಸಬಹುದು," ಎಂದ ಮೆಲ್ಲಗೆ. "ಬರೀ ಪರಿಚಯ ಅಂತ. ನನಗೆ ಬೇಜಾರಿಲ್ಲ."

"ನಾನು ಹೇಳಿದ್ದು ಸುಳ್ಳಾದ್ರೆ ತಿದ್ದಿಸ್ತೀನಿ." ಅವಳು ಅವನ ಮುಖವನ್ನೇ ನೋಡಿದಳು. "ಸುಳ್ಳಾ?"

ಅವನು ಅಲ್ಲವೆಂದು ತಲೆಯಾಡಿಸಿದ. ಆಮೇಲೆ, ತಲೆಯಾಡಿಸಿದ್ದು ಸಾಲದೆಂಬಂತೆ, ಬಾಯಿಬಿಟ್ಟು ಹೇಳಿದ.

"ನಿಜ."

ಹೊರಗೆ ಆಸ್ಪತ್ರೆಯ ಪಾಳಿ ಬದಲಾಗುವ ಹೊತ್ತು. ಬಿಳಿ ಬಟ್ಟೆಯವರು ಗುಂಪಾಗಿ ರಸ್ತೆ ದಾಟುತ್ತಿದ್ದರು.

"ಇನ್ನೊಂದು ವಿಷಯ," ಎಂದಳು ಅವಳು. "ಇನ್ಮೇಲೆ ನಿಮ್ಮ ಯಾವ ಫೈಲೂ ನನ್ನ ಹತ್ರ ಬರಲ್ಲ. ನಿಮಗೆ ಏನಾದ್ರೂ ನನಗೆ ತಿಳಿಯೋ ದಾರಿ ಇಲ್ಲ."

"ಮತ್ತೆ ಹೇಗೆ?"

"ನೀವೇ ಹೇಳಬೇಕು. ಗಾಜು ತರೋಕೆ ಹೋಗಿದ್ದೆ ಅಂತ ಅಲ್ಲ."

ಅವನು ಅವಳ ಕೈಯನ್ನು ತನ್ನ ಗಾಜಿನ ಪುಡಿ ಹತ್ತಿದ ಕೈಯೊಳಗೆ ತೆಗೆದುಕೊಂಡ.

"ಬೆಳಿಗ್ಗೆ ಮಾತ್ರೆ ತಗೊಂಡೆ," ಎಂದ. "ತಲೆ ಸ್ವಲ್ಪ ಭಾರ ಇತ್ತು. ನೀವು ಬರಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಇರಬಹುದು."

"ಈಗ?"

"ಈಗ ಇಲ್ಲ."

"ಸರಿ," ಎಂದಳು ಅವಳು. "ನಾಳೆದು ನಾಳೆ ಹೇಳಿ."